ಬಸ್ಸಿನ ಕಿಡಕಿ, ಏಸಿ ಮತ್ತು ಸೋಂಕಿನ ಲೆಕ್ಕ: ಓದುಗರು ಕೇಳಿದ್ದಾರೆ

ಬಸ್ಸಿನೊಳಗಿನ ಗಾಳಿ ಮತ್ತು ಗಾಳಿಯಿಂದ ಹರಡುವ ರೋಗಗಳ ಬಗ್ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಎಲ್ಲ ಉತ್ತರಗಳಿಗೂ ಒಂದೇ ಅಂದಾಜು: 12 ಮೀಟರ್ ಉದ್ದದ ಬಸ್ಸು, ಒಳಗೆ ಸುಮಾರು 50 ಘನ ಮೀಟರ್ ಗಾಳಿ, ಕೂತವರು 40 ಮಂದಿ.

ಪ್ರಶ್ನೆ: ನಾನು ದಿನಾ ಗದಗಿನಿಂದ ಹುಬ್ಬಳ್ಳಿಗೆ ನೌಕರಿಗೆ ಬರತೀನ್ರಿ. ಮಳಿಗಾಲದಾಗ ಎಲ್ಲಾರೂ ಕಿಡಕಿ ಹಾಕ್ಕೊಂಡು ಕುಂದರತಾರ. ಒಬ್ಬರು ಕೆಮ್ಮಿದ್ರ ಬಸ್ಸಿಗೆ ಬಸ್ಸೇ ಕೆಮ್ಮತೈತಿ. ನಾ ಒಬ್ಬಾಕಿನ ನನ್ನ ಕಿಡಕಿ ತಗದ್ರ ಏನರ ಉಪಯೋಗ ಐತೇನ್ರಿ? — ಓದುಗರೊಬ್ಬರು, ಬೆಟಗೇರಿ

ಉತ್ತರ: ಉಪಯೋಗ ಇದೆ. ಆದರೆ ನಿಮ್ಮದೊಂದೇ ಕಿಡಕಿ ಪೂರಾ ತೆರೆಯುವುದಕ್ಕಿಂತ, ಹಿಂದೆ ಎರಡು, ಮುಂದೆ ಎರಡು ಕಿಡಕಿ ನಾಲ್ಕು ಬೆರಳಿನಷ್ಟು ತೆರೆದರೆ ಫಲ ಹೆಚ್ಚು. ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗಲು ದಾರಿ ಇರಬೇಕು. ಒಂದೇ ಕಿಂಡಿಯಿಂದ ಬಂದ ಗಾಳಿ ಅಲ್ಲೇ ನಿಮ್ಮ ಸೀಟಿನ ಸುತ್ತ ಸುಳಿದು ಅದೇ ಕಿಂಡಿಯಿಂದ ಹೊರಬೀಳುತ್ತದೆ.

ಓಡುವ ಬಸ್ಸಿನಲ್ಲಿ ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ ಎಂದು ಹಲವರ ನಂಬಿಕೆ. ಸಾಮಾನ್ಯವಾಗಿ ಆಗುವುದು ಇದರ ತಿರುವುಮುರುವು. ಬಸ್ಸಿನ ಮೂತಿಯ ಮೂಲೆಗಳಲ್ಲಿ ಹೊರಗಿನ ಗಾಳಿ ರಭಸದಿಂದ ಮೈ ಸವರಿಕೊಂಡು ಹೋಗುವುದರಿಂದ ಅಲ್ಲಿ ಒತ್ತಡ ಇಳಿದು, ಡ್ರೈವರ್ ಹಿಂದಿನ ಕಿಡಕಿಗಳು ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತವೆ. ಅದರ ಜಾಗ ತುಂಬಲು ಹಿಂದಿನ ಕಿಡಕಿಗಳಿಂದ ಗಾಳಿ ಒಳನುಗ್ಗುತ್ತದೆ. ಬೇಸಿಗೆಯಲ್ಲಿ ಅಣ್ಣಿಗೇರಿ ದಾಟುವಷ್ಟರಲ್ಲಿ ಎರೆಮಣ್ಣಿನ ಧೂಳು ಹಿಂದಿನ ಸೀಟಿನವರ ಅಂಗಿಗೇ ಹೆಚ್ಚು ಹತ್ತುವುದಕ್ಕೆ ಇದೂ ಒಂದು ಕಾರಣ. ಅನುಮಾನ ಇದ್ದರೆ ಒಂದು ಗೇಣು ಹೊಲಿಗೆ ದಾರವನ್ನು ಮುಂದಿನ ಸೀಟಿನ ಹಿಡಿಕೆಗೆ ಕಟ್ಟಿ ನೋಡಿ. ಬಸ್ಸು ವೇಗ ಹಿಡಿದ ಮೇಲೆ ದಾರದ ತುದಿ ಯಾವ ಕಡೆ ವಾಲುತ್ತದೋ ಗಾಳಿ ಆ ಕಡೆ ಹೊರಟಿದೆ.

ಇದರಿಂದ ಮಳೆಗಾಲಕ್ಕೂ ಒಂದು ಲಾಭ ಇದೆ. ಮುಂದಿನ ಕಿಡಕಿಗಳು ಗಾಳಿಯನ್ನು ಹೊರಹಾಕುವ ಕಡೆಯಾದ್ದರಿಂದ ಅಲ್ಲಿ ಇರಚಲು ಹೋಲಿಕೆಯಲ್ಲಿ ಕಡಿಮೆ. ಚಾವಣಿಯಲ್ಲಿ ಎತ್ತುವ ಮುಚ್ಚಳ ಇದ್ದರೆ ಅದರ ಹಿಂದಿನ ಅಂಚನ್ನಷ್ಟೇ ಎತ್ತಿಸಿ. ನೀರು ಬೀಳದೆ ಗಾಳಿ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮುಂದಿನ ಅಂಚು ಎತ್ತಿದರೆ ಮಾತ್ರ ನಡುವೆ ಕೂತವರಿಗೆ ಸ್ನಾನ.

ಇನ್ನು ಲೆಕ್ಕ. ಗಾಜು 60 ಸೆಂ.ಮೀ. ಎತ್ತರ, ತೆರೆದದ್ದು 8 ಸೆಂ.ಮೀ. ಎಂದರೆ ಕಿಂಡಿ 0.048 ಚದರ ಮೀಟರ್. ಗಾಳಿ ಸೆಕೆಂಡಿಗೆ ಬರೇ 1 ಮೀಟರ್ ವೇಗದಲ್ಲಿ ಒಳಬಂದರೂ ಹಿಂದಿನ ಎರಡು ಕಿಂಡಿಗಳಿಂದ ಗಂಟೆಗೆ ಸುಮಾರು 345 ಘನ ಮೀಟರ್ ಹೊಸ ಗಾಳಿ ಸಿಗುತ್ತದೆ. ಬಸ್ಸಿನ ಗಾಳಿ ಗಂಟೆಗೆ 7 ಸಲ ಬದಲಾದಂತೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಮನೆ, ಆಸ್ಪತ್ರೆ ಬಿಟ್ಟು ಉಳಿದ ಒಳಾಂಗಣಗಳಿಗೆ ಹೇಳಿರುವುದು ತಲೆಗೆ ಸೆಕೆಂಡಿಗೆ 10 ಲೀಟರ್. ಅದು ಕಟ್ಟಡಗಳಿಗೆ ಕೊಟ್ಟ ಅಂಕಿ. ಬಸ್ಸಿಗೆ ಹಚ್ಚಿ ನೋಡಿದರೆ 40 ಮಂದಿಗೆ ಗಂಟೆಗೆ 1440 ಘನ ಮೀಟರ್, ಅಂದರೆ 29 ಸಲ. ಎರಡು ಕಿಂಡಿಗೆ ಅದು ದಕ್ಕದು. ಹಿಂದೆ ನಾಲ್ಕು ಕಿಂಡಿ ತೆರೆದು ಗಾಳಿಯ ವೇಗ 2 ಮೀಟರಿಗೆ ಏರಿದರೆ, ಹೊರಹೋಗಲೂ ಮುಂದೆ ಅಷ್ಟೇ ಜಾಗವಿದ್ದರೆ, 1380ರ ಹತ್ತಿರ ಬರುತ್ತದೆ.

ಬಸ್ಸು ನಿಂತಾಗ ಈ ಎಳೆತ ನಿಲ್ಲುತ್ತದೆ. ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿದ್ದರೆ ಎರಡೂ ಬಾಗಿಲು ತೆರೆದಿಡಲು ಕಂಡಕ್ಟರ್ ಅವರಿಗೆ ಹೇಳಿ.

ಪ್ರಶ್ನೆ: ನಾವು ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಹುಬ್ಬಳ್ಳಿ-ಧಾರವಾಡ ನಡುವಿನ ಗಾಜು ತೆರೆಯದ ಏಸಿ ಬಸ್ಸಿನಲ್ಲಿ ಸೋಂಕಿನ ಸಂಭವ ಎಷ್ಟು ಎಂದು ಮಾದರಿ ಕಟ್ಟುವುದು ನಮ್ಮ ಪ್ರಾಜೆಕ್ಟ್. ವೆಲ್ಸ್-ರೈಲಿ ಸೂತ್ರ ಬಳಸಿದೆವು. ಒಮ್ಮೆ ಶೇ 2 ಬರುತ್ತದೆ, ಒಮ್ಮೆ ಶೇ 17. ಯಾವುದು ಸರಿ? — ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎರಡೂ ಸರಿ ಇರಬಹುದು, ಎರಡನ್ನೂ ನಂಬಬೇಡಿ. ಮೊದಲು ಉಳಿದ ಓದುಗರಿಗಾಗಿ ಸೂತ್ರ:

ಸಂಭವ = 1 − ಇ^−(ರೋ × ಕ್ವಾ × ಉ × ಕಾ ÷ ಗಾ)

ಇ ಎಂದರೆ ನೈಸರ್ಗಿಕ ಲಾಗ್‌ನ ಆಧಾರ ಸಂಖ್ಯೆ, ಸುಮಾರು 2.718. ರೋ ಎಂದರೆ ಸೋಂಕು ಹರಡುತ್ತಿರುವವರ ಸಂಖ್ಯೆ. ಉ ಎಂದರೆ ಒಬ್ಬರು ಗಂಟೆಗೆ ಉಸಿರಾಡುವ ಗಾಳಿ (ಸುಮ್ಮನೆ ಕೂತವರಿಗೆ 0.5 ಘನ ಮೀಟರ್). ಕಾ ಎಂದರೆ ಗಂಟೆಗಳಲ್ಲಿ ಪ್ರಯಾಣದ ಕಾಲ. ಗಾ ಎಂದರೆ ಗಂಟೆಗೆ ಒಳಬರುವ ಶುದ್ಧ ಗಾಳಿ. ಕ್ವಾ ಎಂಬುದು ಕ್ವಾಂಟಾ, ರೋಗಿ ಗಂಟೆಗೆ ಹೊರಬಿಡುವ ಸೋಂಕಿನ ಪ್ರಮಾಣ. ಗುಂಪಿನ ಪ್ರತಿಯೊಬ್ಬರೂ ಒಂದೊಂದು ಕ್ವಾಂಟಮ್ ಒಳಗೆಳೆದುಕೊಂಡರೆ ಅವರಲ್ಲಿ ಶೇ 63ರಷ್ಟು ಮಂದಿಗೆ ಸೋಂಕು ತಗಲುತ್ತದೆ ಎಂಬುದೇ ಅದರ ವ್ಯಾಖ್ಯೆ. ಅದು ಎಣಿಸಿ ನೋಡುವ ಕಣವಲ್ಲ, ಸೋಂಕು ಹರಡಿದ ಘಟನೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆದ ಅಂಕಿ. ನಿಮ್ಮ ಉತ್ತರ ಹಾರಾಡುತ್ತಿರುವುದು ಇಲ್ಲೇ.

ನಿಮ್ಮ ಅಂಕಿಗಳನ್ನೇ ಹಾಕೋಣ. ರೋಗಿ ಒಬ್ಬರು, ಮುಕ್ಕಾಲು ಗಂಟೆ, ಗಾಳಿ ಗಂಟೆಗೆ 4 ಸಲ ಬದಲಾಗುತ್ತದೆ, ಅಂದರೆ ಗಾ 200. ಕ್ವಾ 10 ಹಿಡಿದರೆ ಶೇ 1.9. ಕ್ವಾ 100 ಹಿಡಿದರೆ ಶೇ 17. ಈಗ ಗಾಳಿಯನ್ನು 20 ಸಲಕ್ಕೆ ಏರಿಸಿ, ಗಾ 1000 ಮಾಡಿ. ಮೊದಲನೆಯದು ಶೇ 0.37ಕ್ಕೆ, ಎರಡನೆಯದು ಶೇ 3.7ಕ್ಕೆ ಇಳಿಯುತ್ತದೆ. ಕ್ವಾ ಏನೇ ಇರಲಿ, ಅಪಾಯ ಇಳಿದದ್ದು ಹೆಚ್ಚುಕಡಿಮೆ ಐದು ಪಟ್ಟು. ನಿಮ್ಮ ವರದಿಯ ತಿರುಳು ಈ ಅನುಪಾತ ಆಗಬೇಕು. “ಈ ಬಸ್ಸಿನಲ್ಲಿ ಶೇ 1.9 ಅಪಾಯ” ಎಂದು ಬರೆದರೆ ಪರೀಕ್ಷಕರು ಕ್ವಾ ಎಲ್ಲಿಂದ ತಂದಿರಿ ಎಂದು ಕೇಳುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಕ್ವಾ ರೋಗದಿಂದ ರೋಗಕ್ಕೆ ಎಷ್ಟು ಬದಲಾಗುತ್ತದೆ ನೋಡಿ. ನ್ಯೂಯಾರ್ಕ್ ರಾಜ್ಯದ ಶಾಲೆಯೊಂದರಲ್ಲಿ 1974ರಲ್ಲಿ ಹಬ್ಬಿದ ದಡಾರವನ್ನು ರೈಲಿ ಮತ್ತು ಸಂಗಡಿಗರು 1978ರಲ್ಲಿ ವಿಶ್ಲೇಷಿಸಿದಾಗ ಮೊದಲ ರೋಗಿಗೆ ಸಿಕ್ಕ ಅಂಕಿ ನಿಮಿಷಕ್ಕೆ 93, ಗಂಟೆಗೆ ಐದೂವರೆ ಸಾವಿರದ ಮೇಲೆ. ಅದೇ ತಂಡದಲ್ಲಿದ್ದ ರಿಚರ್ಡ್ ರೈಲಿ ಬಾಲ್ಟಿಮೋರಿನ ಕ್ಷಯರೋಗದ ವಾರ್ಡಿನಿಂದ ತೆಗೆದ ಸರಾಸರಿ ಗಂಟೆಗೆ 1.25.

ಚೀನಾದ ನಿಂಗ್ಬೊ ಬಸ್ಸಿನ ಅಂಕಿಯಿಂದ ಕ್ವಾ ತೆಗೆಯಬಹುದೇ ಎಂದೂ ಕೇಳಿದ್ದೀರಿ. 2020ರ ಜನವರಿಯಲ್ಲಿ ಆ ಬಸ್ಸಿನಲ್ಲಿ ಹೋಗಿಬಂದ 68 ಜನರಲ್ಲಿ ಮೂಲ ರೋಗಿಯೂ ಸೇರಿ 24 ಮಂದಿಗೆ ಕೋವಿಡ್ ಆಯಿತು. ಹೋಗಿಬರುವ ಎರಡೂ ಸಲ ಸೇರಿ 100 ನಿಮಿಷ, ಏಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತಿತ್ತು. ಜೊತೆಗೇ ಹೋದ ಇನ್ನೊಂದು ಬಸ್ಸಿನಲ್ಲಿ ಯಾರಿಗೂ ಇಲ್ಲ. ಉಳಿದ 67ರಲ್ಲಿ 23 ಎಂದರೆ ಶೇ 34. ಸೂತ್ರ ತಿರುಗಿಸಿದರೆ ಕ್ವಾ ÷ ಗಾ ಸುಮಾರು 0.5 ಬರುತ್ತದೆ. ಗಾ 200 ಇದ್ದರೆ ಕ್ವಾ 100, ಗಾ 500 ಇದ್ದರೆ ಕ್ವಾ 250. ಗಾಳಿಯನ್ನು ಅಳೆಯದ ಬಸ್ಸಿನಿಂದ ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ. ಸಿಗುವುದು ಭಾಗಲಬ್ಧ ಮಾತ್ರ.

ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ ಮೂರು ತಪ್ಪು ಕಂಡವು.

ಒಂದು, ಉಸಿರನ್ನು ನಿಮಿಷಕ್ಕೆ 8 ಲೀಟರ್ ಎಂದು ಬರೆದು, ಉಳಿದದ್ದೆಲ್ಲ ಗಂಟೆ ಮತ್ತು ಘನ ಮೀಟರಿನಲ್ಲಿ ಇಟ್ಟಿದ್ದೀರಿ. 8 ಲೀಟರನ್ನು 60ರಿಂದ ಗುಣಿಸಿ 1000ದಿಂದ ಭಾಗಿಸಿ, 0.48 ಬರುತ್ತದೆ.

ಎರಡು, ರೋಗಿ ಹತ್ತಿದ ಕ್ಷಣಕ್ಕೇ ಬಸ್ಸು ತುಂಬ ಸೋಂಕು ಹಬ್ಬಿತು ಎಂದು ಸೂತ್ರ ಭಾವಿಸುತ್ತದೆ. ಗಾಳಿ ಗಂಟೆಗೆ 4 ಸಲ ಬದಲಾಗುವ ಬಸ್ಸಿನಲ್ಲಿ ಸೋಂಕಿನ ಮಟ್ಟ ಕೊನೆಗೆ ನಿಲ್ಲುವ ಮಟ್ಟದ ಶೇ 63 ಮುಟ್ಟಲು 15 ನಿಮಿಷ, ಶೇ 95 ಮುಟ್ಟಲು 45 ನಿಮಿಷ ಬೇಕು. ಇಡೀ ಪ್ರಯಾಣದ ಸರಾಸರಿ ತೆಗೆಯಲು 1 − (1 − ಇ^−ಮ) ÷ ಮ ಎಂಬ ಗುಣಕ ಬಳಸಿ. ಮ ಎಂದರೆ ಗಾಳಿ ಬದಲಾವಣೆಯ ದರ × ಕಾಲ. ನಿಮ್ಮ ಬಸ್ಸಿಗೆ ಮ 3, ಗುಣಕ 0.68. ಆಗ ಶೇ 1.9 ಇದ್ದದ್ದು 1.3 ಆಗುತ್ತದೆ. 20 ಸಲದ ಬಸ್ಸಿಗೆ ಗುಣಕ 0.93, ವ್ಯತ್ಯಾಸ ಅತ್ಯಲ್ಪ. ಅಂದರೆ ಐದು ಪಟ್ಟು ಎಂದದ್ದು ಇಂಥ ಮೊಟಕು ಪ್ರಯಾಣದಲ್ಲಿ ಮೂರೂವರೆ ಪಟ್ಟಿನ ಹತ್ತಿರ ಬರುತ್ತದೆ. ಇದನ್ನೂ ವರದಿಯಲ್ಲಿ ತೋರಿಸಿ.

ಮೂರನೆಯದು ದೊಡ್ಡದು. ಇಂಗಾಲದ ಡೈಆಕ್ಸೈಡ್ ಮೀಟರಿನ ಅಂಕಿಯಿಂದ ಅಪಾಯ ತೆಗೆಯಲು ರುಡ್ನಿಕ್ ಮತ್ತು ಮಿಲ್ಟನ್ 2003ರಲ್ಲಿ ಕೊಟ್ಟ ದಾರಿ ಹಿಡಿದಿದ್ದೀರಿ. ಒಳಗಿನ ಇಂಗಾಲದ ಡೈಆಕ್ಸೈಡಿನಿಂದ ಹೊರಗಿನದನ್ನು ಕಳೆದು 38,000ದಿಂದ ಭಾಗಿಸಿದರೆ, ನೀವು ಎಳೆಯುವ ಉಸಿರಿನಲ್ಲಿ ಎಷ್ಟು ಪಾಲು ಬೇರೆಯವರು ಬಿಟ್ಟ ಉಸಿರು ಎಂದು ತಿಳಿಯುತ್ತದೆ. ಒಳಗೆ 2420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಎಂಬ ಅಳತೆ), ಹೊರಗೆ 420 ಇದ್ದರೆ 2000 ÷ 38,000, ಶೇ 5ರ ಮೇಲೆ. ಇಲ್ಲಿಯವರೆಗೆ ಸರಿ. ಆದರೆ ಆ ಉಸಿರು 40 ಜನರದ್ದು, ರೋಗಿ ಒಬ್ಬರೇ. ಆ ಪಾಲನ್ನು 40ರಿಂದ ಭಾಗಿಸಲು ಮರೆತಿದ್ದೀರಿ.

ಈ ಭಾಗಾಕಾರದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಗಾಳಿ ಅಷ್ಟೇ ಇದ್ದು, 40ರ ಜಾಗದಲ್ಲಿ 80 ಮಂದಿ ತುಂಬಿದರೆ ಮೀಟರಿನಲ್ಲಿ ಹೊರಗಿನದಕ್ಕಿಂತ ಹೆಚ್ಚಿಗೆ ಕಾಣುವ ಅಂಕಿ ಇಮ್ಮಡಿ ಆಗುತ್ತದೆ. ಒಬ್ಬ ರೋಗಿಯಿಂದ ಒಬ್ಬರಿಗೆ ತಗಲುವ ಸಂಭವ ಮಾತ್ರ ಬದಲಾಗದು. ಆದರೆ ಬಸ್ಸಿನಲ್ಲಿ ರೋಗಿ ಇರುವ ಸಾಧ್ಯತೆ ಇಮ್ಮಡಿ, ತಗಲಿಸಿಕೊಳ್ಳುವವರೂ ಇಮ್ಮಡಿ. ಊರಿಗೆ ಹರಡುವ ಲೆಕ್ಕದಲ್ಲಿ ಅದು ನಾಲ್ಕು ಪಟ್ಟು.

ಕೊನೆಗೆ, ಇಡೀ ಬಸ್ಸಿನ ಗಾಳಿ ಒಂದೇ ಸಮ ಬೆರೆತಿದೆ ಎಂದು ಈ ಮಾದರಿ ನಂಬುತ್ತದೆ. ಭುಜಕ್ಕೆ ಭುಜ ತಾಗಿ ಕೂತವರಿಗೆ ಎದುರಿನ ಉಸಿರು ಬೆರೆಯುವ ಮೊದಲೇ ಮುಟ್ಟುತ್ತದೆ. ಆ ಹೆಚ್ಚಿನ ಅಪಾಯ ನಿಮ್ಮ ಲೆಕ್ಕದೊಳಗೆ ಇಲ್ಲ ಎಂದು ಒಂದು ಸಾಲು ಬರೆಯಿರಿ. ನಿಮ್ಮ ಉತ್ತರವನ್ನು ತಾಳೆ ನೋಡಲು ವಿಶ್ವ ಆರೋಗ್ಯ ಸಂಸ್ಥೆ ಯುರೋಪಿನ ಕಣ ಭೌತವಿಜ್ಞಾನ ಸಂಸ್ಥೆ ಸರ್ನ್ ಜೊತೆ ಸೇರಿ 2024ರಲ್ಲಿ ತಂದ ಆರಿಯಾ ಎಂಬ ಲೆಕ್ಕಯಂತ್ರ ಇದೆ.

ಪ್ರಶ್ನೆ: ಇಂಗಾಲದ ಡೈಆಕ್ಸೈಡ್ ಮೀಟರ್ ಕೊಳ್ಳಬೇಕೆಂದಿದ್ದೇನೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೂ ಇವೆ, ಕೆಲವು ಸಾವಿರಕ್ಕೂ ಇವೆ. ಬಸ್ಸಿನಲ್ಲಿ ಹೇಗೆ ಅಳೆಯಬೇಕು? — ವಿಜ್ಞಾನ ಶಿಕ್ಷಕರು, ಧಾರವಾಡ

ಉತ್ತರ: ವಿವರಣೆಯಲ್ಲಿ ಎನ್‌ಡಿಐಆರ್ (ಅವಕೆಂಪು ಬೆಳಕಿನಿಂದ ಅನಿಲ ಅಳೆಯುವ ಬಗೆ) ಎಂದು ಇರಲೇಬೇಕು. ಅಗ್ಗದವು ಹಲವು ಗಾಳಿಯಲ್ಲಿನ ಆವಿಗಳನ್ನು ಮೂಸಿ ಇಂಗಾಲದ ಡೈಆಕ್ಸೈಡನ್ನು ಊಹಿಸುತ್ತವೆ. ಪರೀಕ್ಷೆ ಸುಲಭ: ಹತ್ತಿಗೆ ಸ್ಯಾನಿಟೈಸರ್ ಹಚ್ಚಿ ಮೀಟರಿನ ಹತ್ತಿರ ಹಿಡಿಯಿರಿ. ಅಂಕಿ ಸಾವಿರಾರಕ್ಕೆ ಜಿಗಿದರೆ ಮರಳಿ ಕಳಿಸಿ.

ಮೊದಲು ಬಯಲಲ್ಲಿ ಇಟ್ಟು 420ರ ಆಸುಪಾಸು ತೋರಿಸುತ್ತದೆಯೇ ನೋಡಿ. ಉಣಕಲ್ ಕೆರೆಯ ದಂಡೆ ಆಗಬಹುದು, ಬಸ್ ನಿಲ್ದಾಣ ಬೇಡ. ನಿಂತಲ್ಲೇ ಇಂಜಿನ್ ಓಡುವ ಬಸ್ಸಿನ ಹೊಗೆಯಲ್ಲೂ ಇದೇ ಅನಿಲ ಇದೆ. ಸೆಟ್ಟಿಂಗಿನಲ್ಲಿ ಎತ್ತರ ತುಂಬಿ. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಮೇಲಿವೆ, ಗಾಳಿಯ ಒತ್ತಡ ಶೇ 7ರಷ್ಟು ಕಡಿಮೆ. ಎತ್ತರ ತುಂಬದ ಮೀಟರ್ 1500 ಇದ್ದಲ್ಲಿ 1400ರ ಹತ್ತಿರ ತೋರಿಸೀತು. ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಇದ್ದರೆ, ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಬಯಲಿನ ಗಾಳಿ ಎಂದು ಅದು ತಿಳಿಯುತ್ತದೆ. ಮುಚ್ಚಿದ ಕೋಣೆಯಲ್ಲೇ ಇಟ್ಟ ಮೀಟರ್ ಹೀಗೆ ತಪ್ಪು ಕಲಿಯುತ್ತದೆ. ವಾರಕ್ಕೊಮ್ಮೆ ಅಂಗಳದಲ್ಲಿ ಇಡಿ.

ಬಸ್ಸಿನ ನಡುಭಾಗದಲ್ಲಿ, ಕೂತವರ ಮೂಗಿನ ಎತ್ತರಕ್ಕೆ, ಯಾರ ಮುಖದಿಂದಲೂ ಒಂದು ತೋಳು ದೂರ ಹಿಡಿಯಿರಿ. ಏಸಿ ಕಿಂಡಿಯ ಕೆಳಗೆ ಬೇಡ. ನಿಮಿಷಕ್ಕೊಮ್ಮೆ ಅಂಕಿ, ಜನಸಂಖ್ಯೆ, ಬಾಗಿಲು ತೆರೆದ ಹೊತ್ತು ಬರೆದುಕೊಳ್ಳಿ. ತಲೆಗೆ ಸೆಕೆಂಡಿಗೆ 10 ಲೀಟರ್ ಗಾಳಿ ಸಿಗುತ್ತಿದ್ದರೆ ಅಂಕಿ 920ರ ಹತ್ತಿರ ನಿಲ್ಲಬೇಕು. ಗಂಟೆಗೆ 4 ಸಲ ಮಾತ್ರ ಗಾಳಿ ಬದಲಾಗುವ ತುಂಬಿದ ಬಸ್ಸಿನಲ್ಲಿ ಹೋಗುತ್ತ ಹೋಗುತ್ತ 4000 ಮುಟ್ಟುತ್ತದೆ.

ಗಾಳಿ ಬದಲಾವಣೆಯ ದರವನ್ನೇ ಅಳೆಯಲು ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಕೂಡಲೇ ಬಾಗಿಲು ಮುಚ್ಚಿಸಿ, ಬ್ಲೋವರ್ ಓಡುತ್ತಿರಲಿ. ಆಗಿನ ಅಂಕಿಯನ್ನೂ ಸ್ವಲ್ಪ ಹೊತ್ತಿನ ಮೇಲಿನ ಅಂಕಿಯನ್ನೂ ಬರೆದುಕೊಳ್ಳಿ. ಎರಡು ಅಂಕಿಗಳಿಂದಲೂ 420 ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೈಸರ್ಗಿಕ ಲಾಗ್ ತೆಗೆದು, ನಡುವಿನ ಗಂಟೆಗಳಿಂದ ಭಾಗಿಸಿ. 2420 ಇದ್ದದ್ದು 15 ನಿಮಿಷದಲ್ಲಿ 1156 ಆದರೆ ದರ 4. ಇದು ನಿಂತ ಬಸ್ಸಿನ ಅಂಕಿ ಎಂಬುದು ನೆನಪಿರಲಿ. ಓಡುವಾಗ ಸಂದುಗಳಿಂದಲೂ ಗಾಳಿ ಬರುತ್ತದೆ.

ಪ್ರಶ್ನೆ: ನಮ್ಮದು ಬಸ್ ಏಸಿ ರಿಪೇರಿ ಕೆಲಸ. ಫ್ರೆಶ್ ಏರ್ ಬಿಟ್ಟರೆ ಕೂಲಿಂಗ್ ಬರಲ್ಲ ಅಂತ ಮಾಲೀಕರು ಮುಚ್ಚಿಸುತ್ತಾರೆ. ದಪ್ಪ ಫಿಲ್ಟರ್ ಹಾಕಿದರೆ ಸಾಕಲ್ಲವೇ? — ಮೆಕ್ಯಾನಿಕ್, ಹಾವೇರಿ

ಉತ್ತರ: ಮೊದಲು ಮಾಲೀಕರಿಗೆ ಲೆಕ್ಕ ತೋರಿಸಿ. ಹೊರಗೆ 38, ಒಳಗೆ 26 ಡಿಗ್ರಿ ಇರುವಾಗ ಗಂಟೆಗೆ 1000 ಘನ ಮೀಟರ್ ಹೊಸ ಗಾಳಿಯನ್ನು ತಣಿಸಲು ಸುಮಾರು 4 ಕಿಲೋವ್ಯಾಟ್ ಬೇಕು, ಗಾಳಿಯ ತೇವ ಹಿಂಡುವ ಹೊರೆ ಬೇರೆ. ದೊಡ್ಡ ಬಸ್ಸಿನ ಚಾವಣಿ ಏಸಿ 30 ಕಿಲೋವ್ಯಾಟ್ ಆಸುಪಾಸಿನದು. ಏಪ್ರಿಲ್ ಮಧ್ಯಾಹ್ನ ಹೊರೆ ಗೊತ್ತಾಗುತ್ತದೆ, ನಿಜ. ಉಳಿದ ಕಾಲದಲ್ಲಿ ಮುಚ್ಚಲು ಕಾರಣವಿಲ್ಲ. ಫ್ರೆಶ್ ಏರ್ ಬಿಟ್ಟ ಕೂಡಲೇ ಕೂಲಿಂಗ್ ಕೈಕೊಟ್ಟರೆ ಕಂಡೆನ್ಸರ್ ಧೂಳು ಹಿಡಿದಿದೆಯೇ, ಗ್ಯಾಸ್ ಕಡಿಮೆ ಇದೆಯೇ ನೋಡಿ.

ರಿಟರ್ನ್ ಜಾಲರಿ ಕಳಚಿ, ಸ್ವಿಚ್ ಒತ್ತಿಸಿ, ಹೊರಗಿನ ಗಾಳಿ ಬಿಡುವ ಡ್ಯಾಂಪರ್ ಫ್ಲಾಪ್ ಪೂರಾ ತಿರುಗುತ್ತದೆಯೇ ಕಣ್ಣಾರೆ ನೋಡಿ. ಮೋಟರ್ ಸದ್ದು ಬಂದರೂ ಪಿನ್ ಜಾರಿ ಫ್ಲಾಪ್ ಅಲ್ಲಾಡದೆ ನಿಂತಿರುವುದು ಉಂಟು. ಹೊರಗಿನ ಜಾಲರಿಯಲ್ಲಿ ಎಲೆ, ಮಣ್ಣು ಕಟ್ಟಿರುತ್ತದೆ. ಬ್ಲೋವರ್ ಪೂರ್ತಿ ಇಟ್ಟು ಅಲ್ಲಿ ಟಿಶ್ಯೂ ಕಾಗದ ಹಿಡಿದರೆ ಅಂಟಿಕೊಂಡು ನಿಲ್ಲಬೇಕು.

ಫಿಲ್ಟರ್ ವಿಚಾರ. ತೊಳೆದು ಹಾಕುವ ಮಾಮೂಲಿ ಜಾಲರಿ ನೂಲು, ಕೂದಲು ಹಿಡಿಯುತ್ತದೆ, ಉಸಿರಿನ ಸಣ್ಣ ಕಣ ಹಿಡಿಯದು. ಮರ್ವ್ (ಫಿಲ್ಟರ್ ಎಷ್ಟು ಕಣ ಹಿಡಿಯುತ್ತದೆ ಎಂಬ ಅಳತೆ) 13 ದರ್ಜೆಯದು 0.3ರಿಂದ 1 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಹಿಡಿಯುತ್ತದೆ. ಬ್ಲೋವರ್ ಗಂಟೆಗೆ 4000 ಘನ ಮೀಟರ್ ಸುತ್ತಿಸುತ್ತಿದ್ದರೆ 2000 ಘನ ಮೀಟರ್ ಶುದ್ಧ ಗಾಳಿ ಕೊಟ್ಟ ಹಾಗೆ, 50 ಘನ ಮೀಟರಿನ ಬಸ್ಸಿಗೆ 40 ಸಲ. ಕೇಳಲು ಬಲು ಚೆಂದ. ಆದರೆ ಜಾಲರಿ ಇದ್ದ ಅಳತೆಗೇ ದಪ್ಪ ಫಿಲ್ಟರ್ ತುರುಕಿದರೆ ಗಾಳಿಯ ಹರಿವು ಕುಸಿಯುತ್ತದೆ, ಕಾಯಿಲ್ ಸೊನ್ನೆಗಿಂತ ಕೆಳಗಿಳಿದು ಮಂಜುಗಟ್ಟುತ್ತದೆ, ಆಮೇಲೆ ಕರಗಿ ಪ್ರಯಾಣಿಕರ ತಲೆ ಮೇಲೆ ಸುರಿಯುತ್ತದೆ. ಮಡಿಕೆ ಹೆಚ್ಚಿರುವ, ಮೈ ಅಗಲವಿರುವ ಫಿಲ್ಟರ್ ಹುಡುಕಿ. ಹಾಕುವ ಮೊದಲು ಮತ್ತು ಹಾಕಿದ ಮೇಲೆ ರಿಟರ್ನ್ ಗಾಳಿಗೂ ಕಿಂಡಿಯ ಗಾಳಿಗೂ ಇರುವ ಉಷ್ಣಾಂಶದ ಅಂತರ ಅಳೆಯಿರಿ. ಅಂತರ 4-5 ಡಿಗ್ರಿ ಹೆಚ್ಚಿತೆಂದರೆ ಹರಿವು ಸತ್ತಿದೆ, ತೆಗೆದುಬಿಡಿ. ಅಂಚಿನ ಸಂದಿಗೆ ಫೋಮ್ ಪಟ್ಟಿ ಅಂಟಿಸದಿದ್ದರೆ ಗಾಳಿ ಫಿಲ್ಟರನ್ನು ತಪ್ಪಿಸಿಕೊಂಡು ಪಕ್ಕದಿಂದಲೇ ಹೋಗುತ್ತದೆ.

ಫಿಲ್ಟರ್ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದಿಲ್ಲ. ಒಳ್ಳೆಯ ಫಿಲ್ಟರ್ ಇರುವ ಬಸ್ಸಿನಲ್ಲಿ ಮೀಟರ್ ಅಂಕಿ ಮೇಲೇ ಇದ್ದು, ಸೋಂಕಿನ ಅಪಾಯ ಅದಕ್ಕಿಂತ ಕಡಿಮೆ ಇರಬಹುದು. ಧಾರವಾಡದ ಶಿಕ್ಷಕರೂ ಇದನ್ನು ಗಮನಿಸಬೇಕು.

ಪ್ರಶ್ನೆ: ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮೂರ ಬಸ್ ಹತ್ತಿದವರೆಲ್ಲ ಕೆಮ್ಮುತ್ತಾರೆ. ಪಿಎಂ 2.5 ಮೀಟರ್ ಹಿಡಿದರೆ 300 ತೋರಿಸಿತು. ಇದೂ ಸೋಂಕಿನ ಲಕ್ಷಣವೇ? — ಬ್ಯಾಡಗಿ

ಉತ್ತರ: ಅಲ್ಲ, ಅದು ನಿಮ್ಮೂರಿನ ಬಂಗಾರದ ಘಾಟು. ಆ ಮೀಟರ್ ಮೆಣಸಿನ ಪುಡಿ, ರಸ್ತೆ ಧೂಳು, ಬೀಡಿ ಹೊಗೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಸೋಂಕಿನ ಕಣ ಅದರಲ್ಲಿ ಲೆಕ್ಕಕ್ಕೇ ಸಿಗದಷ್ಟು ಅಲ್ಪ. ಆದರೆ ಬಸ್ಸಿನಲ್ಲಿ ನಿಜವಾದ ರೋಗಿಯೊಬ್ಬರಿದ್ದು ಅವರೂ ಘಾಟಿಗೆ ಕೆಮ್ಮಿದರೆ ಕ್ವಾ ಏರುತ್ತದೆ. ಕಿಡಕಿ ತೆರೆಯಿರಿ, ಎರಡಕ್ಕೂ ಅದೇ ಮದ್ದು.

ಪ್ರಶ್ನೆ: ನಮ್ಮ ಬಸ್ಸಿನ ಕಾಯಂ ಪ್ರಯಾಣಿಕರೊಬ್ಬರಿಗೆ ಟಿಬಿ ಎಂದು ಗೊತ್ತಾಗಿದೆ. ಒಂದು ತಿಂಗಳು ಜೊತೆಗೇ ಓಡಾಡಿದ್ದೇವೆ. ಅವರೊಂದಿಗೆ ಕೂರುವುದನ್ನು ಬಿಡಬೇಕೇ? — ಲಕ್ಷ್ಮೇಶ್ವರ

ಉತ್ತರ: ಒಂದು ಸಲದ ಪ್ರಯಾಣದ ಲೆಕ್ಕ ಸಣ್ಣದು. ಕ್ವಾ 1.25, ಒಂದೂವರೆ ಗಂಟೆ, ಮುಚ್ಚಿದ ಬಸ್ಸು ಎಂದರೆ ಶೇ 0.5. ಆದರೆ ಅದೇ ಬಸ್ಸು, ಅದೇ ಮಂದಿ, 25 ದಿನ ಹೋಗಿಬಂದರೆ 50 ಪ್ರಯಾಣ. ಘಾತದ ಅಂಕಿ ಕೂಡುತ್ತಾ ಹೋಗಿ ಶೇ 21ಕ್ಕೆ ಮುಟ್ಟುತ್ತದೆ. ಕಿಡಕಿ ತೆರೆದು ಗಾಳಿ 200ರಿಂದ 1000ಕ್ಕೆ ಏರಿದ್ದರೆ ಅದೇ ತಿಂಗಳ ಲೆಕ್ಕ ಶೇ 5ರ ಒಳಗೆ. ಇದು ಸೋಂಕಿನ ಸಂಭವ ಮಾತ್ರ. ಸೋಂಕು ತಗಲಿದವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಶೇ 5ರಿಂದ 10. ಸಕ್ಕರೆ ಕಾಯಿಲೆ, ಎಚ್‌ಐವಿ ಇದ್ದವರಿಗೆ ಇದಕ್ಕಿಂತ ಹೆಚ್ಚು.

ಔಷಧ ಸರಿಯಾಗಿ ನಾಟಿದರೆ ಎರಡು ವಾರದಲ್ಲಿ ಹರಡುವ ಶಕ್ತಿ ಬಹಳ ಇಳಿಯುತ್ತದೆ. ಔಷಧಕ್ಕೆ ಬಗ್ಗದ ಟಿಬಿ ಇದ್ದರೆ ಯಾವಾಗ ಪ್ರಯಾಣ ಮಾಡಬಹುದೆಂದು ಅವರ ವೈದ್ಯರೇ ಹೇಳಬೇಕು. ಅಲ್ಲಿಯವರೆಗೆ ಅವರು ಮಾಸ್ಕ್ ಹಾಕಿ, ಮುಂದಿನ ತೆರೆದ ಕಿಡಕಿಯ ಪಕ್ಕ ಕೂರಲಿ. ಗಾಳಿ ಅಲ್ಲಿಂದ ಹೊರಕ್ಕೆ ಹೋಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಕೆಮ್ಮು ಎರಡು ವಾರ ದಾಟಿದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಕೊಡಿ. ಬರೇ ಉಗುಳು ಕೊಟ್ಟರೆ ಫಲಿತಾಂಶಕ್ಕೆ ಬೆಲೆ ಇಲ್ಲ.